ಬೈರಿಗೆಯಿಂದ ಬ್ಯಾಟ್ರಿ ಡ್ರಿಲ್ಲಿನವರೆಗೆ: ನಮ್ಮ ಮನೆಗಳಿಗೆ ತೂತು ಕೊರೆದ ಕತೆ

ನಮ್ಮ ಕಡೆ ಯಾರಾದ್ರೂ ಒಂದೇ ಸಮ ತಲೆ ತಿಂದ್ರೆ "ಬೈರಿಗೆ ಹಾಕ್ಬೇಡ ಮಾರಾಯ" ಅಂತೇವೆ. ಹಂಗೆ ಹೇಳೋ ಹುಡುಗರಲ್ಲಿ ಬೈರಿಗೆ ಅಂದ್ರೆ ಎಂತದ್ದು ಅಂತ ಕಣ್ಣಾರೆ ಕಂಡವರು ಈಗ ಕಮ್ಮಿ. ಆಚಾರ್ರ ಪೆಟ್ಟಿಗೆಯಲ್ಲಿ ಉಳಿ, ಕೊಡತಿ, ಬಾಚಿ, ಗರಗಸದ ಜೊತೆಗೆ ಇರ್ತಿದ್ದ ತೂತು ಕೊರೆಯೋ ಸಾಮಾನು ಅದು. ಈಗ ಆ ಜಾಗಕ್ಕೆ ಬ್ಯಾಟ್ರಿ ಡ್ರಿಲ್ಲು ಬಂದು ಕೂತಿದೆ. ಕೊಟ್ಟಿಗೆಹಾರದ ಸುತ್ತ ಹಳೇ ಮನೆ ರಿಪೇರಿ ಮಾಡಿಸೋರು, ಒಂದು ಕೋಣೆ ಹೋಂಸ್ಟೇಗೆ ಬಿಡೋರು, ಬಚ್ಚಲು ಮನೆ ಒಳಗೆ ತರೋರು, ಎಲ್ಲರೂ ಒಂದಲ್ಲ ಒಂದು ದಿನ ಕೇಳೋ ಪ್ರಶ್ನೆ: ಒಳ್ಳೇ ಡ್ರಿಲ್ಲಿಂಗ್ ಮಿಷಿನ್ ಯಾವ್ದು ತಗಳ್ಳೋದು? ಇದಕ್ಕೆ ಅಂಗಡಿಯವರು ಕೊಡೋ ಉತ್ತರ ಒಂದು. ಮನೆಯ ಚರಿತ್ರೆ ಕೊಡೋ ಉತ್ತರ ಇನ್ನೊಂದು. ಎರಡನ್ನೂ ಜೊತೆಗಿಟ್ಟು ನೋಡಿದ್ರೆ ದುಡ್ಡೂ ಉಳೀತದೆ, ಮನೆಯೂ ಉಳೀತದೆ.

ಮನೆ ಉಳಿಯೋ ಮಾತು ಯಾಕೆ ಹೇಳಿದೆ ಅಂದ್ರೆ, ನಮ್ಮ ಹಳೇ ಮನೆಗಳ ತೊಲೆ, ಕಂಬ, ದಾರಂದ ಎಲ್ಲ ಬೀಟೆ, ಹೊನ್ನೆ, ಮತ್ತಿ, ನಂದಿ, ಹಲಸು. ಅಂಥ ಮರ ಈಗ ಎಲ್ಲಿದೆ? 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮ ಜಾಗದ ಮರ ಕಡಿಯೋಕೂ ಅನುಮತಿ ಬೇಕು. ಬೀಟೆಯ ವಿಷಯದಲ್ಲಂತೂ ಇನ್ನೂ ಬಿಗಿ. 2017ರಿಂದ ಬೀಟೆ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಕಡಿವಾಣ ಬಿದ್ದಿದೆ. ಅಜ್ಜನ ಕಾಲದಲ್ಲಿ ಒಂದು ತೊಲೆ ಹಾಳಾದ್ರೆ ಇನ್ನೊಂದು ತರ್ತಿದ್ರು. ಈಗ ತಪ್ಪು ಜಾಗದಲ್ಲಿ ಕೊರೆದ ಒಂದು ತೂತಿಗೆ ಬದಲು ಸಿಗೋದಿಲ್ಲ.

ಕೊರೆಯೋ ಬುದ್ಧಿ ಎಷ್ಟು ಹಳೇದು

ಬಿಲ್ಲಿಗೆ ಕಟ್ಟಿದ ಹಗ್ಗವನ್ನ ಒಂದು ಕಡ್ಡಿಗೆ ಸುತ್ತಿ, ಬಿಲ್ಲನ್ನ ಹಿಂದೆ ಮುಂದೆ ಎಳೆದ್ರೆ ಕಡ್ಡಿ ಗಿರಗಿರ ತಿರುಗ್ತದೆ. ಇಷ್ಟೇ ಬೈರಿಗೆ. ಈ ಬುದ್ಧಿ ಮನುಷ್ಯನಿಗೆ ಕಬ್ಬಿಣ ಗೊತ್ತಾಗೋಕೆ ಸಾವಿರಾರು ವರ್ಷ ಮುಂಚೆ ಬಂದಿತ್ತು. ಬಲೂಚಿಸ್ತಾನದ ಮೆಹ್ರಗಢದಲ್ಲಿ ಸಿಕ್ಕಿದ ಹಲ್ಲುಗಳ ವಿಷಯ 2006ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. 9 ಜನರ 11 ದವಡೆ ಹಲ್ಲುಗಳಲ್ಲಿ ಕೊರೆದ ತೂತುಗಳು, 7500ರಿಂದ 9000 ವರ್ಷ ಹಿಂದಿನವು. ಮಣಿ ಕೊರೆಯೋ ಕಲ್ಲುಮೊನೆಯ ಬೈರಿಗೆಯನ್ನೇ ಹಲ್ಲಿಗೂ ಹಚ್ಚಿರಬೇಕು ಅನ್ನೋದು ವಿಜ್ಞಾನಿಗಳ ಅಂದಾಜು. ಹಲ್ಲಿನ ಡಾಕ್ಟ್ರ ಹತ್ರ ಹೋಗೋಕೆ ಹೆದರೋರು ಇದನ್ನ ನೆನೆಸಿಕೊಂಡ್ರೆ ಸ್ವಲ್ಪ ಧೈರ್ಯ ಬರಬಹುದು. ಆಮೇಲೆ ಸಿಂಧೂ ನದಿಯ ಊರುಗಳಲ್ಲಿ ಗಟ್ಟಿ ಕೆಂಪು ಕಲ್ಲಿನ ಉದ್ದುದ್ದ ಮಣಿಗಳಿಗೆ ಕೂದಲೆಳೆ ತಪ್ಪದೆ ತೂತು ಕೊರೆದವರೂ ಇದೇ ಬುದ್ಧಿಯ ಜನ.

ನಮ್ಮ ಆಚಾರ್ರ ಬೈರಿಗೆಯೂ ಇದೇ ವಂಶದ್ದು. ಒಂದು ಮರದ ಗುಂಡು, ಅದರ ತುದಿಗೆ ಚಪ್ಪಟೆ ಕಬ್ಬಿಣದ ಮೊನೆ, ತಲೆ ಮೇಲೆ ಒತ್ತಿ ಹಿಡಿಯೋಕೆ ಒಂದು ಟೋಪಿ. ಸಣ್ಣ ತೂತಾದ್ರೆ ಒಬ್ರೇ ಬಿಲ್ಲು ಎಳೀತಾರೆ. ದೊಡ್ಡದಾದ್ರೆ ಒಬ್ರು ಮೇಲಿಂದ ಒತ್ತಿ ಹಿಡಿದು, ಇನ್ನೊಬ್ರು ಹಗ್ಗದ ಎರಡು ತುದಿ ಹಿಡಿದು ಮೊಸರು ಕಡೆದ ಹಾಗೆ ಎಳೀತಾರೆ. ಬಿಲ್ಲು ಹಿಂದೆ ಹೋದಾಗಲೂ ಮುಂದೆ ಬಂದಾಗಲೂ ಕೊರೀಬೇಕಲ್ಲ, ಅದಕ್ಕೆ ಮೊನೆಯ ಎರಡೂ ಅಂಚು ಮಸೆದಿರ್ತದೆ. ಕೆಲಸ ನಿಧಾನ. ಆದ್ರೆ ನಿಧಾನದಲ್ಲೇ ಒಂದು ಲಾಭ ಇತ್ತು. ಮರ ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ, ಒಳಗೆ ಗಂಟು ಇದೆಯಾ, ಗೆದ್ದಲು ತಿಂದಿದೆಯಾ ಅಂತ ಕೈಗೆ ಗೊತ್ತಾಗ್ತಿತ್ತು.

ಆ ತೂತುಗಳು ಎಂತಕ್ಕೆ ಅಂದ್ರೆ ಮರದ ಆಣಿಗೆ. ಹಳೇ ಜಗಲಿ ಕಂಬದ ತಲೆ ನೋಡಿ, ತೊಲೆ ಕೂತ ಜಾಗ ನೋಡಿ. ಕಚ್ಚು ಹಾಕಿ ಕೂರಿಸಿ, ಪಕ್ಕದಿಂದ ತೂತು ಕೊರೆದು, ಆಣಿ ಬಡಿದಿರ್ತಾರೆ. ಮಳೆಗಾಲದಲ್ಲಿ ಮರ ಉಬ್ಬಿದ್ರೂ ಬೇಸಗೆಯಲ್ಲಿ ಕುಗ್ಗಿದ್ರೂ ಆಣಿಯೂ ಅದರ ಜೊತೆಗೇ ಉಬ್ತದೆ, ಕುಗ್ತದೆ. ನಮ್ಮ ಮಳೆಯಲ್ಲಿ ಕಬ್ಬಿಣದ ಮೊಳೆ ತುಕ್ಕು ಹಿಡಿದು ಸುತ್ತಲ ಮರವನ್ನೂ ಕಪ್ಪು ಮಾಡಿ ತಿನ್ನೋದನ್ನ ನೋಡಿದವರಿಗೆ ಆ ಆಣಿಯ ಬೆಲೆ ತಿಳೀತದೆ.

ಹೆಂಚು ಬಂತು, ಮೊಳೆ ಬಂತು

ಬದಲಾವಣೆ ಶುರುವಾಗಿದ್ದು ಘಟ್ಟದ ಕೆಳಗಿಂದ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ರು. ಹುಲ್ಲು ಹೊದಿಸಿದ ಮಾಡು ಹೋಗಿ ಮಂಗಳೂರು ಹೆಂಚಿನ ಮಾಡು ಬಂತು. ಹುಲ್ಲಿನ ಮಾಡಿಗೆ ಬಳ್ಳಿ ಕಟ್ಟಿದ್ರೆ ನಡೀತಿತ್ತು. ಹೆಂಚಿಗೆ ಹಂಗಲ್ಲ. ಪಕಾಸಿ ಒಂದೇ ಲೆವೆಲ್ಲಿಗೆ ಇರ್ಬೇಕು, ರೀಪು ಅಳತೆಗೆ ಸರಿಯಾಗಿ ಹೊಡೀಬೇಕು, ಇಲ್ದಿದ್ರೆ ಹೆಂಚು ಕೂರೋದಿಲ್ಲ. ಮೊಳೆ ಬೇಕಾಯ್ತು. ಗಟ್ಟಿ ಮರಕ್ಕೆ ಮೊಳೆ ಹೊಡೆದ್ರೆ ಸೀಳ್ತದೆ, ಅದಕ್ಕೆ ಮೊದಲು ಸಣ್ಣ ತೂತು ಬೇಕಾಯ್ತು. ಬೈರಿಗೆಗೆ ಕೆಲಸ ಜಾಸ್ತಿಯಾಗಿದ್ದು ಹಿಂಗೆ.

ಅದೇ ಹೊತ್ತಿಗೆ ಅಮೆರಿಕದಲ್ಲಿ ಸ್ಟೀಫನ್ ಮೋರ್ಸ್ ಅನ್ನೋರು ತಿರುಚಿದ ಉಕ್ಕಿನ ಮೊನೆಗೆ 1863ರಲ್ಲಿ ಪೇಟೆಂಟ್ ತಗಂಡ್ರು. ಇವತ್ತು ನಾವು ಡ್ರಿಲ್ ಬಿಟ್ಟು ಅಂತ ಕೊಳ್ಳೋದು ಅದೇ. ತಿರುಚಿದ ಕಾಲುವೆ ಇರೋದು ಅಂದಕ್ಕಲ್ಲ. ಕೊರೆದ ಪುಡಿಯನ್ನ ಹೊರಗೆ ಎತ್ತಿ ಹಾಕೋಕೆ. ಈ ಪುಡಿಯ ವಿಷಯ ಮುಂದೆ ಚಂದ್ರನ ಮೇಲೂ ಬರ್ತದೆ, ನೆನಪಿಟ್ಟುಕೊಳ್ಳಿ.

ಗೋಡೆಯ ಕತೆ ಬೇರೆ. ನಮ್ಮ ಹಳೇ ಗೋಡೆ ಮಣ್ಣಿಂದು, ಇಲ್ಲಾ ಹಸಿ ಇಟ್ಟಿಗೆದು. ಅಂಥ ಗೋಡೆಗೆ ಏನಾದ್ರೂ ತಗಲಿ ಹಾಕ್ಬೇಕು ಅಂದ್ರೆ ಕಟ್ಟುವಾಗಲೇ ಒಂದು ಮರದ ತುಂಡು ಹೂತು ಬಿಡ್ತಿದ್ರು. ಇಂಗ್ಲೆಂಡಿನಲ್ಲೂ ಇದೇ ಪದ್ಧತಿ. ಗೋಡೆಗೆ ಚೌಕದ ಗುಂಡಿ ತೋಡಿ, ಮರದ ತುಂಡು ಬಡಿದು, ಅದಕ್ಕೆ ತಿರುಪು ಹಾಕ್ಬೇಕು. ಜಾನ್ ಜೋಸೆಫ್ ರಾಲಿಂಗ್ಸ್ ಅನ್ನೋ ಕಂಟ್ರಾಕ್ಟ್ರಿಗೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಗೋಡೆ ಹಾಳಾಗದ ಹಾಗೆ ವೈರಿಂಗು ಸಾಮಾನು ಕೂರಿಸೋ ಕೆಲಸ ಬಂತು. ಸಣ್ಣ ದುಂಡು ತೂತು ಕೊರೆದು ನಾರಿನ ಕೊಳವೆ ತುರುಕಿ ತಿರುಪು ಹಾಕಿದ್ರೆ ಅದು ಅಗಲವಾಗಿ ಕಚ್ಚಿ ಹಿಡೀತದೆ ಅಂತ ಅವರು 1911ರ ಸುಮಾರಿಗೆ ಕಂಡುಕೊಂಡ್ರು. 1958ರಲ್ಲಿ ಜರ್ಮನಿಯ ಆರ್ಟುರ್ ಫಿಷರ್ ಅದನ್ನೇ ನೈಲಾನಿನಲ್ಲಿ ಮಾಡಿದ್ರು. ಇವತ್ತು ಹಾರ್ಡ್‌ವೇರ್ ಅಂಗಡಿಯಲ್ಲಿ ಪ್ಯಾಕೆಟ್ ಲೆಕ್ಕದಲ್ಲಿ ಸಿಗೋ ಗಿಡ್ಡ ಪ್ಲಗ್ಗಿನ ಹಿಂದೆ ಇಷ್ಟು ಕತೆ ಇದೆ.

ಕರೆಂಟು ಬಂದ ಮೇಲೆ

ಮೆಲ್ಬೋರ್ನಿನ ಆರ್ಥರ್ ಜೇಮ್ಸ್ ಆರ್ನಾಟ್ ಮತ್ತು ವಿಲಿಯಮ್ ಬ್ಲಾಂಚ್ ಬ್ರೇನ್ 1889ರಲ್ಲಿ ಕರೆಂಟಿನ ಡ್ರಿಲ್ಲಿಗೆ ಪೇಟೆಂಟ್ ತಗಂಡ್ರು. ಅದು ಬಂಡೆ, ಕಲ್ಲಿದ್ದಲು ಕೊರೆಯೋ ದೊಡ್ಡ ಯಂತ್ರ. ಕೈಯಲ್ಲಿ ಹಿಡಿಯೋ ಕರೆಂಟಿನ ಡ್ರಿಲ್ಲು ಮಾಡಿದ್ದು 1895ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನ ಫೈನ್ ಕಂಪನಿ. ಅದನ್ನ ಎರಡೂ ಕೈಯಲ್ಲಿ ಬಲವಾಗಿ ಹಿಡೀಬೇಕಿತ್ತು. ಅಮೆರಿಕದ ಬಾಲ್ಟಿಮೋರಿನಲ್ಲಿ 1910ರಲ್ಲಿ ಶುರುವಾದ ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪನಿ ಪಿಸ್ತೂಲಿನ ಹಿಡಿ, ಬೆರಳಲ್ಲಿ ಒತ್ತೋ ಸ್ವಿಚ್ಚು ಸೇರಿಸಿ 1917ರಲ್ಲಿ ಪೇಟೆಂಟ್ ಪಡೀತು. ಇವತ್ತಿನವರೆಗೂ ಡ್ರಿಲ್ಲಿನ ಆಕಾರ ಅದೇ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಅದೇ ಕಂಪನಿ ಮನೆಬಳಕೆಗೆ ಅಂತಲೇ ಅಗ್ಗದ ಡ್ರಿಲ್ಲು ಮಾರೋಕೆ ಶುರು ಮಾಡ್ತು. ಮನೆಯವರೇ ತೂತು ಕೊರೆಯೋ ಕಾಲ ಅಲ್ಲಿಂದ ಶುರು.

ನಮ್ಮಲ್ಲಿ? ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ಹುಟ್ಟಿತ್ತು, ಆದ್ರೆ ಅದು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಜೋಗದ ಕರೆಂಟು 1948ಕ್ಕೆ ಬಂತು. ಘಟ್ಟದ ಒಂಟಿ ಮನೆಗಳಿಗೆ, ಲೈನ್ ಮನೆಗಳಿಗೆ ಅದು ತಲುಪೋಕೆ ಇನ್ನೂ ಎಷ್ಟೋ ವರ್ಷ ಬೇಕಾಯ್ತು. ತಲುಪಿದ ಮೇಲೂ ಕೊಟ್ಟಿಗೆಹಾರದ ಮಳೆ ನಿಮಗೆ ಗೊತ್ತಿದ್ದದ್ದೇ. ಚಾರ್ಮಾಡಿಯ ನೆತ್ತಿಯ ಮೇಲೆ ಕೂತ ಊರು. ಜೂನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ತಂತಿ ಕಡಿಯೋದು ಸುದ್ದಿಯೇ ಅಲ್ಲ. 2019ರ ಆಗಸ್ಟಿನಲ್ಲಿ ಗುಡ್ಡ ಜಾರಿ ಘಾಟಿ ರಸ್ತೆಯೇ ಮುಚ್ಚಿತು, ಮಲೆಮನೆ ಕಡೆ ಮನೆಗಳೇ ಹೋದ್ವು. ವೈರಿನ ಡ್ರಿಲ್ಲು ಇಂಥ ಕಡೆ ಅರ್ಧ ವರ್ಷ ಪೆಟ್ಟಿಗೆಯಲ್ಲೇ ಇರ್ತದೆ. ಮಾಡಿನ ಹೆಂಚು ಹಾರಿದಾಗ, ರೀಪು ಮುರಿದಾಗ, ಕರೆಂಟು ಇರೋದಿಲ್ಲ. ಡ್ರಿಲ್ಲು ಬೇಕಾಗೋದು ಸರಿಯಾಗಿ ಆವಾಗಲೇ. ಪೇಟೆಯವರಿಗೆ ವೈರಿಲ್ಲದ ಡ್ರಿಲ್ಲು ಅನುಕೂಲದ ಸಾಮಾನು. ನಮ್ಮ ಕಡೆ ಅದು ಅಗತ್ಯದ್ದು.

ಬ್ಯಾಟ್ರಿಯ ಅರುವತ್ತು ವರ್ಷ

ಮೊದಲ ಬ್ಯಾಟ್ರಿ ಡ್ರಿಲ್ಲು 1961ರಲ್ಲಿ ಬಂತು, ಅದೂ ಬ್ಲ್ಯಾಕ್ ಅಂಡ್ ಡೆಕ್ಕರ್‌ದೇ. ಒಳಗೆ ನಿಕಲ್-ಕ್ಯಾಡ್ಮಿಯಂ ಬ್ಯಾಟ್ರಿ. ಶಕ್ತಿ ತೀರಾ ಕಮ್ಮಿ. ಬ್ಯಾಟ್ರಿ ಡ್ರಿಲ್ಲು ನಾಸಾದವರು ಕಂಡುಹಿಡಿದದ್ದು ಅಂತ ಒಂದು ಕತೆ ತಿರುಗ್ತಾ ಇರ್ತದೆ, ಅದು ಸರಿಯಲ್ಲ. ಚಂದ್ರನ ಮೇಲೆ ಹೋಗೋಕೆ ಮುಂಚೆಯೇ ಅಂಗಡಿಯಲ್ಲಿ ಇತ್ತು. ಆದ್ರೆ ಚಂದ್ರನ ಮೇಲೆ ಒಂದು ಬ್ಯಾಟ್ರಿ ಡ್ರಿಲ್ಲು ಹೋಗಿದ್ದಂತೂ ಹೌದು. 1971ರಲ್ಲಿ ಅಪೋಲೋ 15ರ ಡೇವಿಡ್ ಸ್ಕಾಟ್ ಅಲ್ಲಿ ಸುಮಾರು 3 ಮೀಟರ್ ಆಳದ ತೂತು ಕೊರೀಬೇಕಿತ್ತು. ಅರ್ಧದ ಸುಮಾರಿಗೆ ನಿಂತು ಹೋಯ್ತು. ಕಾರಣ ಮೋಟಾರಲ್ಲ. ಕೊಳವೆಗಳ ಜೋಡಣೆಯಲ್ಲಿ ಪುಡಿ ಹೊರಗೆ ಬರೋ ಕಾಲುವೆ ಕಡಿದು ಹೋಗಿತ್ತು, ಪುಡಿ ಅಲ್ಲೇ ಗಿಡಿದು ಕಚ್ಚಿಕೊಳ್ತು. ಮುಂದಿನ ಸಲ ಅದನ್ನ ಸರಿಮಾಡಿ ಕಳಿಸಿದ್ರು. ಹೊನ್ನೆ ತೊಲೆಯಲ್ಲಿ ಬಿಟ್ಟು ಸಿಕ್ಕಿಕೊಂಡು ಹೊಗೆ ಬರೋದಕ್ಕೂ ಇದೇ ಕಾರಣ. ಬೆರಳುದ್ದ ಕೊರೆದ ಮೇಲೆ ತಿರುಗ್ತಾ ಇರುವಾಗಲೇ ಒಂದು ಸಲ ಹೊರಗೆಳೆದು ಪುಡಿ ಉದುರಿಸಿ, ಆಮೇಲೆ ಮುಂದುವರಿಸಿ. ಒತ್ತಿ ಒತ್ತಿ ಕೊರೆಯೋಕೆ ಹೋಗಬೇಡಿ.

ಜಪಾನಿನ ಮಕಿಟಾ 1969ರಲ್ಲಿ ಚಾರ್ಜಿನ ಡ್ರಿಲ್ಲು ತಂದ್ರು. 1978ರಲ್ಲಿ ಅವರ ನಿಕಲ್-ಕ್ಯಾಡ್ಮಿಯಂ ಡ್ರಿಲ್ಲು ಬಂದ ಮೇಲೆ ಮರಗೆಲಸದವರು ನಿಜವಾಗಿ ನಂಬೋಕೆ ಶುರು ಮಾಡಿದ್ರು. ಸೋನಿ ಕಂಪನಿ 1991ರಲ್ಲಿ ಲಿಥಿಯಂ-ಅಯಾನ್ ಬ್ಯಾಟ್ರಿ ಮಾರುಕಟ್ಟೆಗೆ ಬಿಡ್ತು. ಅದು 2003ರಲ್ಲಿ ಬಾಷ್‌ನ ಪುಟ್ಟ ಸ್ಕ್ರೂಡ್ರೈವರಿಗೆ ಬಂತು, 2005ರಲ್ಲಿ ಮಿಲ್ವಾಕಿ, ಮಕಿಟಾಗಳ ದೊಡ್ಡ ಡ್ರಿಲ್ಲುಗಳಿಗೆ ಬಂತು. ಆ ಬ್ಯಾಟ್ರಿ ಮಾಡಿಕೊಟ್ಟ ಮೂವರಿಗೆ, ಗುಡೆನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಅವರಿಗೆ, 2019ರಲ್ಲಿ ನೊಬೆಲ್ ಸಿಕ್ತು. ಹಳೇ ಬ್ಯಾಟ್ರಿ ಇಟ್ಟಲ್ಲೇ ಇಳಿದು ಹೋಗ್ತಿತ್ತು. ಹೊಸದು ತಿಂಗಳುಗಟ್ಟಲೆ ಸುಮ್ನೆ ಇಟ್ರೂ ಚಾರ್ಜು ಹೆಚ್ಚು ಇಳಿಯೋದಿಲ್ಲ. ಆಗೊಮ್ಮೆ ಈಗೊಮ್ಮೆ ಮಾತ್ರ ಡ್ರಿಲ್ಲು ಹಿಡಿಯೋ ಮನೆಯವರಿಗೆ ಇದೇ ದೊಡ್ಡ ಉಪಕಾರ.

ಹಂಗಾದ್ರೆ ಯಾವ್ದು ತಗಳ್ಳೋದು

ದುಬಾರಿಯದ್ದೆಲ್ಲ ನಮಗೆ ಬೇಕಾದದ್ದಲ್ಲ. ಮೊದಲು ನಿಮ್ಮನೆ ಎಂತದ್ದರಲ್ಲಿ ಕಟ್ಟಿದ್ದು ಅಂತ ನೋಡಿಕೊಳ್ಳಿ.

ಬೀರು ಬಾಗಿಲು, ಕಿಟಕಿ ಚಿಲಕ, ಪ್ಲೈವುಡ್ ಕೆಲಸ ಇಷ್ಟೇ ಆದ್ರೆ 12 ವೋಲ್ಟಿನ ಪುಟ್ಟದು ಸಾಕು. ಕೈ ನೋಯೋದಿಲ್ಲ, ಮೂಲೆಗೂ ಹೋಗ್ತದೆ. ಹಳೇ ಗಟ್ಟಿ ಮರಕ್ಕೆ ದಪ್ಪ ಬಿಟ್ಟು ಹಾಕೋದು, ಇಟ್ಟಿಗೆ ಗೋಡೆಗೂ ಕೊರೆಯೋದು ಇದ್ರೆ 18 ವೋಲ್ಟಿಂದು ಬೇಕು. ಕೆಲವದರ ಮೇಲೆ 20 ವೋಲ್ಟ್ ಅಂತ ಬರೆದಿರ್ತದೆ. ಅದು ಪೂರ್ತಿ ಚಾರ್ಜ್ ಆದಾಗಿನ ಲೆಕ್ಕ, ಒಳಗಿರೋದು ಅದೇ ಐದು ಸೆಲ್ಲಿನ ಸಾಲು. ಎರಡು ವೋಲ್ಟಿಗೆ ಹೆಚ್ಚು ದುಡ್ಡು ಕೊಡಬೇಡಿ.

ಮೋಟಾರು ಬ್ರಶ್‌ಲೆಸ್ ಇರ್ಲಿ. ಹಳೇ ಥರದ್ದರಲ್ಲಿ ಕಾರ್ಬನ್ ಬ್ರಶ್ ಸವೀತದೆ, ಕಿಡಿ ಹಾರ್ತದೆ, ಬಿಸಿ ಜಾಸ್ತಿ. ಬ್ರಶ್‌ಲೆಸ್ಸಿನಲ್ಲಿ ಅದೇ ಚಾರ್ಜಿಗೆ ಹೆಚ್ಚು ತೂತು ಕೊರೀಬಹುದು. ಒಳ್ಳೇ ಮಿಷಿನ್ನಿಗೆ ಹೆಚ್ಚು ಕೊಡೋ ದುಡ್ಡಿನಲ್ಲಿ ನಿಜವಾಗಿ ಕೆಲಸಕ್ಕೆ ಬರೋದು ಇದು.

ತಿರುಚೋ ಬಲ ನ್ಯೂಟನ್-ಮೀಟರಿನಲ್ಲಿ ಬರೆದಿರ್ತದೆ. ಮೆತ್ತಗಿನ ಸಾಮಾನಿಗೆ ಒಂದು, ಗಟ್ಟಿಗೆ ಒಂದು ಅಂತ ಎರಡು ಅಂಕಿ ಇರ್ತದೆ. ಒಂದು ಕಂಪನಿಯ ದೊಡ್ಡ ಅಂಕಿಯನ್ನ ಇನ್ನೊಂದರ ಸಣ್ಣ ಅಂಕಿ ಜೊತೆ ಹೋಲಿಸಬೇಡಿ. ಮನೆಗೆ 50-60 ಇದ್ರೆ ಧಾರಾಳ. 100ರ ಮೇಲಿದ್ರೆ ಬಿಟ್ಟು ಗಂಟಿಗೆ ಸಿಕ್ಕಿದಾಗ ಮಿಷಿನ್ನೇ ತಿರುಗಿ ಮಣಿಕಟ್ಟು ತಿರುಚ್ತದೆ. ಅಂಥದ್ದಕ್ಕೆ ಪಕ್ಕದ ಹಿಡಿ ಹಾಕಿ ಎರಡು ಕೈಯಲ್ಲಿ ಹಿಡೀಬೇಕು.

ಹ್ಯಾಮರ್ ಇದ್ದ ಮಾತ್ರಕ್ಕೆ ಆರ್‌ಸಿಸಿ ಕೊರೆಯೋಕೆ ಆಗ್ತದೆ ಅಂತಲ್ಲ. ಇಟ್ಟಿಗೆ, ಜಂಬಿಟ್ಟಿಗೆಗೆ ಸರಿ. ಕಾಂಕ್ರೀಟು ತೊಲೆಗೆ 1970ರ ದಶಕದಲ್ಲಿ ಬಾಷ್, ಹಿಲ್ಟಿಯವರು ತಂದ ಎಸ್‌ಡಿಎಸ್ ಹಿಡಿಯ ರೋಟರಿ ಹ್ಯಾಮರ್ ಬೇಕು. ಎರಡು ದಿನದ ಕೆಲಸಕ್ಕೆ ಅದನ್ನ ಬಾಡಿಗೆಗೆ ತಂದ್ರೆ ಸಾಕು. ಮಣ್ಣಿನ ಗೋಡೆಗೆ ಹ್ಯಾಮರ್ ಹಾಕಲೇಬೇಡಿ. ಗೋಡೆ ಒಳಗೊಳಗೇ ಬಿಟ್ಟುಕೊಳ್ತದೆ, ಪ್ಲಗ್ಗೂ ಹಿಡಿಯೋದಿಲ್ಲ. ಅಲ್ಲಿ ಅಜ್ಜನ ಉಪಾಯವೇ ಸರಿ: ಅಗಲವಾದ ಹಲಗೆಯನ್ನ ಕಂಬದಿಂದ ಕಂಬಕ್ಕೆ ಹಾಕಿ, ಭಾರ ಎಲ್ಲ ಅದಕ್ಕೆ ಕೊಡಿ.

ಕೊಳ್ಳುವಾಗ ಮಿಷಿನ್ನಿಗಿಂತ ಬ್ಯಾಟ್ರಿ ನೋಡಿ. 18 ವೋಲ್ಟ್, 2 ಆಂಪಿಯರ್-ಅವರ್ ಅಂದ್ರೆ 36 ವಾಟ್-ಅವರ್, 5ರದ್ದು 90. ದೊಡ್ಡದೊಂದಕ್ಕಿಂತ ಸಣ್ಣವೆರಡು ಒಳ್ಳೇದು, ಒಂದು ಚಾರ್ಜಿಗಿದ್ರೆ ಇನ್ನೊಂದು ಕೆಲಸಕ್ಕೆ. ಅದೇ ಬ್ಯಾಟ್ರಿ ಮುಂದೆ ಮರ ಸವರೋ ಗರಗಸಕ್ಕೋ ಬೇರೆ ತೋಟದ ಸಾಮಾನಿಗೋ ಬರ್ತದಾ ಅಂತ ಕೇಳಿ. ಸರ್ವಿಸ್ ಎಲ್ಲಿ, ಚಿಕ್ಕಮಗಳೂರಲ್ಲೋ, ಹಾಸನದಲ್ಲೋ, ಮಂಗಳೂರಲ್ಲೋ ಅಂತ ದುಡ್ಡು ಕೊಡೋಕೆ ಮುಂಚೆ ಕೇಳಿ.

ದುಬೈಯಿಂದಲೋ ಅಮೆರಿಕದಿಂದಲೋ ಮಗನೋ ಅಳಿಯನೋ ತರ್ತೇನೆ ಅಂದ್ರೆ ಒಂದು ಮಾತು. ಅಮೆರಿಕದ ಚಾರ್ಜರ್ ಬಹಳಷ್ಟು 120 ವೋಲ್ಟಿಂದು. ನಮ್ಮ 230ಕ್ಕೆ ಹಾಕಿದ್ರೆ ಸುಟ್ಟು ಹೋಗ್ತದೆ. ಚಾರ್ಜರ್ ಮೇಲೆ ಬರೆದದ್ದನ್ನ ಓದಿಸಿ. ಬಿಡಿ ಬ್ಯಾಟ್ರಿಯನ್ನ ವಿಮಾನದಲ್ಲಿ ಕೈಚೀಲದಲ್ಲೇ ತರ್ಬೇಕು, 100 ವಾಟ್-ಅವರ್ ದಾಟಿದ್ರೆ ವಿಮಾನದವರ ಅನುಮತಿ ಬೇಕು.

ತೊಲೆಗೆ ಕೈ ಹಾಕೋ ಮುಂಚೆ

ಎರಡು ತುದಿಗೆ ಆಧಾರ ಇರೋ ತೊಲೆಯ ನಡುವಿನಲ್ಲಿ ಕೆಳಗಿನ ಅಂಚು ಎಳೆತದಲ್ಲಿ ಇರ್ತದೆ, ಮೇಲಿನ ಅಂಚು ಒತ್ತಡದಲ್ಲಿ. ನಡು ಭಾಗದ ಕೆಳಗಿನ ಅಂಚಿಗೆ ತೂತು ಕೊರೆದ್ರೆ ತೊಲೆಯ ಜೀವಕ್ಕೇ ಕೈ ಹಾಕಿದ ಹಾಗೆ. ವೈರು ದಾಟಿಸಲೇಬೇಕಾದ್ರೆ ಪಕ್ಕದಿಂದ, ತೊಲೆಯ ಎತ್ತರದ ಮಧ್ಯದಲ್ಲಿ, ಸಣ್ಣದಾಗಿ ಕೊರೀರಿ. ಉಯ್ಯಾಲೆಗೋ ಫ್ಯಾನಿಗೋ ಆದ್ರೆ ಕೊರೆಯೋದೇ ಬೇಡ, ಕಬ್ಬಿಣದ ಪಟ್ಟಿಯನ್ನ ತೊಲೆಯ ಸುತ್ತ ಹಾಕಿ ತೂಗಿಸಿ. ಕಂಬ-ತೊಲೆ ಕೂಡಿದ ಕಚ್ಚಿನ ಹತ್ರ ಬಿಟ್ಟು ತರಬೇಡಿ; ಒಳಗೆ ಆಣಿ ಇರ್ತದೆ. ತಿರುಪು ಹಾಕೋಕೆ ಮುಂಚೆ ತಿರುಪಿಗಿಂತ ಸಣ್ಣ ತೂತು ಮಾಡಿ, ಗೇರು ಒಂದರಲ್ಲಿ ನಿಧಾನ ಹಾಕಿ, ಕ್ಲಚ್ಚು ಕಮ್ಮಿ ಅಂಕಿಯಿಂದ ಶುರು ಮಾಡಿ. ಸ್ವಿಚ್ ಬೋರ್ಡಿನ ನೇರ ಮೇಲೆ ಕೆಳಗೆ ಗೋಡೆ ಕೊರೀಬೇಡಿ, ವೈರು ಅಲ್ಲೇ ಹೋಗಿರ್ತದೆ. ಕಣ್ಣಿಗೆ ಕನ್ನಡಕ ಇರ್ಲಿ. ಸೆರಗು, ಲುಂಗಿ, ಸಡಿಲ ತೋಳು, ಕೈಗವಸು ತಿರುಗೋ ಬಿಟ್ಟಿಗೆ ಸಿಗಬಾರದು.

ಇನ್ನೊಂದು ನಮ್ಮ ಮಲೆನಾಡಿನದೇ ವಿಷಯ. ಮಳೆಗಾಲದಲ್ಲಿ ಎಲ್ಲವನ್ನೂ ಒಲೆ ಮೇಲಿನ ಅಟ್ಟದಲ್ಲಿ ಇಡೋದು ನಮ್ಮ ರೂಢಿ. ಬೈರಿಗೆಗೆ, ಉಳಿಗೆ ಅದು ಸರಿ. ಲಿಥಿಯಂ ಬ್ಯಾಟ್ರಿಗೆ ಶಾಖವೇ ಶತ್ರು. ಅರ್ಧ ಚಾರ್ಜು ಮಾಡಿ, ಮಿಷಿನ್ನಿಂದ ತೆಗೆದು, ಮುಚ್ಚಳ ಬಿಗಿಯಾದ ಡಬ್ಬದಲ್ಲಿ ತೇವ ಹೀರೋ ಪುಡಿಯ ಚೀಲ ಹಾಕಿ, ಒಲೆಯಿಂದ ದೂರ ಇಡಿ.

ಇಷ್ಟೆಲ್ಲ ಹೇಳಿದ ಮೇಲೂ, ದೊಡ್ಡ ಕೆಲಸಕ್ಕೆ ಆಚಾರ್ರನ್ನ ಕರೀರಿ. ಬ್ಯಾಟ್ರಿ ಡ್ರಿಲ್ಲು ಬಂದ ಮೇಲೆ ಅವರ ಕೈಕೆಲಸ ಸುಲಭವಾಗಿದೆ. ಎಲ್ಲಿ ಕೊರೀಬಾರದು ಅನ್ನೋ ತಿಳಿವಳಿಕೆ ಮಾತ್ರ ಮಿಷಿನ್ನಿನ ಪೆಟ್ಟಿಗೆಯಲ್ಲಿ ಬರೋದಿಲ್ಲ. ಅದನ್ನ ಬಲ್ಲವರು ಊರಿಗೆ ಒಬ್ರೋ ಇಬ್ರೋ ಉಳಿದಿದ್ದಾರೆ. ಅವರು ಕೆಲಸ ಮಾಡುವಾಗ ಮನೆಯ ಮಕ್ಕಳನ್ನ ಪಕ್ಕದಲ್ಲಿ ನಿಲ್ಲಿಸಿ, ಕೇಳೋಕೆ ಬಿಡಿ. ಅಟ್ಟದ ಮೂಲೆಯಲ್ಲಿ ಹಳೇ ಬೈರಿಗೆ ಬಿದ್ದಿದ್ರೆ ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. ಹಗ್ಗ ಹೊಸದು ಕಟ್ಟಿ, ಮೊನೆ ಮಸೆದು, ಒಂದು ಹಲಸಿನ ತುಂಡಿಗೆ ಹಚ್ಚಿ ನೋಡಿ. ಮರ ಕೈಗೆ ಹೆಂಗೆ ಮಾತಾಡ್ತದೆ ಅಂತ ಗೊತ್ತಾದವರು ಆಮೇಲೆ ಡ್ರಿಲ್ಲಿನ ಸ್ವಿಚ್ಚನ್ನ ಸ್ವಲ್ಪ ಮೆತ್ತಗೇ ಒತ್ತುತ್ತಾರೆ.